ಪಡಸಾಲೆಗೆ ಯಾವ ಹಾಸು?

ಈ ಸಂಚಿಕೆಯ ಇತರ ಪುಟಗಳಲ್ಲಿ ನನ್ನ ಸಹಪಾಠಿಗಳು ಪ್ರಜಾಪ್ರಭುತ್ವದ ಭವಿಷ್ಯ, ಕುಮಾರವ್ಯಾಸನ ರೂಪಕ ವೈಭವ ಮೊದಲಾದ ಗಂಭೀರ ವಿಷಯಗಳನ್ನು ಕುರಿತು ಬರೆದಿರಬಹುದು. ಅವುಗಳ ನಡುವೆ ನೆಲಕ್ಕೆ ಹಾಸುವ ಹಾಸನ್ನು ಕುರಿತು ಬರೆಯುವದು ಕೆಲವರಿಗೆ ಹುಡುಗಾಟವೆನಿಸೀತು. ಆದರೆ ಆ ಗಂಭೀರ ಲೇಖನಗಳನ್ನು ಬರೆದವರು ಎಲ್ಲಿ ಕುಳಿತು ಬರೆದರು? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳ ಹಳ್ಳಿಗಳಿಂದ ಬಂದ ನಮ್ಮಲ್ಲಿ ಮೇಜು ಕುರ್ಚಿಗಳ ಮೇಲೆ ಓದಿ ಬೆಳೆದವರು ಎಷ್ಟು ಜನ? ನೆಲವೇ ನಮ್ಮ ಮೇಜು, ನೆಲವೇ ನಮ್ಮ ಕುರ್ಚಿ, ನೆಲವೇ ನಮ್ಮ ಮಂಚ. ರೊಟ್ಟಿ ತಿನ್ನುವದು ನೆಲದ ಮೇಲೆ; ಕನ್ಯೆ ನೋಡುವ ಶಾಸ್ತ್ರ ನೆಲದ ಮೇಲೆ; ಅಣ್ಣತಮ್ಮಂದಿರ ಹೊಲದ ಪಾಲು ತೀರುವದು ನೆಲದ ಮೇಲೆ; ಕೊನೆಗೆ ಹೆಣವನ್ನು ಕೂಡ್ರಿಸುವದೂ ನೆಲದ ಮೇಲೆಯೇ. ಇಷ್ಟೆಲ್ಲ ನಡೆಯುವ ನೆಲಕ್ಕೆ ಏನನ್ನು ಹಾಸಬೇಕೆಂಬುದು ಚಿಕ್ಕ ಪ್ರಶ್ನೆಯೆಂದು ನಾನು ಒಪ್ಪಲಾರೆ.

ಹಾಸನ್ನು ಆರಿಸುವ ಬಗೆಯನ್ನು ತಿಳಿಸುವ ಲೇಖನಗಳು ಇಂಗ್ಲಿಷಿನಲ್ಲಿ ಬೇಕಾದಷ್ಟಿವೆ. ಸೋಫಾದ ಮುಂದಿನ ಕಾಲುಗಳೆರಡು ಹಾಸಿನ ಮೇಲೆ ಬರಬೇಕು, ಗೋಡೆಗೂ ಹಾಸಿಗೂ ನಡುವೆ ಒಂದಡಿಯೋ ಒಂದೂವರೆ ಅಡಿಯೋ ನೆಲ ಕಾಣಬೇಕು, ಪರದೆಯ ಬಣ್ಣಕ್ಕೂ ಹಾಸಿನ ಬಣ್ಣಕ್ಕೂ ಸ್ನೇಹವಿರಬೇಕು ಎಂದು ಅವು ಬೋಧಿಸುವವು. ಸೋಫಾ ಇದ್ದವರ ಮಟ್ಟಿಗೆ ಇದು ಸರಿಯಾದ ಮಾತೇ. ಆದರೆ ಅಲ್ಲಿ ಹಾಸು ಕಾಲಿನ ಕೆಳಗಿನ ವಸ್ತು. ಇಲ್ಲಿ ಅದು ಮೈಗೆ ತಗಲುವ ವಸ್ತು. ಅಲ್ಲಿ ಕೋಣೆಗೊಂದು ಹೆಸರಿರುತ್ತದೆ, ಹೆಸರಿಗೊಂದು ಕೆಲಸವಿರುತ್ತದೆ. ನಮ್ಮ ಪಡಸಾಲೆಗೆ ಹಾಗಿಲ್ಲ. ಸುಗ್ಗಿಯಲ್ಲಿ ಅದು ಜೋಳ ತೊಗರಿಗಳ ಉಗ್ರಾಣ, ಮಧ್ಯಾಹ್ನ ಊಟದ ಪಂಕ್ತಿ, ಸಂಜೆ ಬೀಗರ ಸಭಾಗೃಹ, ರಾತ್ರಿ ಏಳು ಜನ ಮಲಗುವ ಛತ್ರ. ಸುರುಳಿ ಸುತ್ತಿ ಮೂಲೆಗೆ ನಿಲ್ಲಿಸಲು ಬಾರದ, ಮಡಚಿ ಗಳದ ಮೇಲೆ ಹಾಕಲು ಬಾರದ ಹಾಸು ಎಷ್ಟೇ ಚೆಲುವಾಗಿದ್ದರೂ ಅದು ನಮ್ಮ ಮನೆಯದಲ್ಲ. ಇದನ್ನು ಮೊದಲ ನಿಯಮವೆಂದು ಇಟ್ಟುಕೊಂಡರೆ ಪೇಟೆಯ ಅಂಗಡಿಯಲ್ಲಿ ನೇತುಹಾಕಿದ ಅರ್ಧದಷ್ಟು ಸರಕು ತಾನಾಗಿಯೇ ಹಿಂದೆ ಸರಿಯುತ್ತದೆ.

ಎರಡನೆಯದಾಗಿ ನೆಲ ಎಂಥದೆಂದು ನೋಡಬೇಕು. ಹಾಸಿನ ಮಾತಾಡುವವರು ನೆಲವನ್ನೇ ಮರೆಯುವದುಂಟು. ನಮ್ಮ ಕಡೆಯಲ್ಲಿ ಮೂರು ನೆಲಗಳಿವೆ: ಸೆಗಣಿಯಿಂದ ಸಾರಿಸಿದ ಮಣ್ಣಿನ ನೆಲ, ತಾಳಿಕೋಟಿಯ ಹಾಸುಗಲ್ಲಿನ ನೆಲ, ಈಗಿನ ನುಣುಪು ಟೈಲಿನ ನೆಲ. ತಾಳಿಕೋಟಿಯೆಂದರೆ ಇತಿಹಾಸದ ವಿದ್ಯಾರ್ಥಿಗಳಿಗೆ ೧೫೬೫ರ ಯುದ್ಧ ನೆನಪಾಗುತ್ತದೆ. ಗೌಂಡಿಗಳಿಗೆ ಮಾತ್ರ ಅದು ಕಲ್ಲಿನ ಊರು. ಭೀಮಾ ಸೀಮೆಯ ಸುಣ್ಣಗಲ್ಲು ಅಲ್ಲಿ ಪದರು ಪದರಾಗಿ ಏಳುವದರಿಂದ ಹೆಚ್ಚು ಕೆತ್ತನೆಯಿಲ್ಲದೆ ಚಪ್ಪಡಿ ದೊರೆಯುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಬಿಸಿಲು ೪೦ ಡಿಗ್ರಿಯನ್ನು ದಾಟಿದಾಗ ಆ ಕಲ್ಲಿನ ಮೇಲೆ ಬರಿ ಬೆನ್ನು ಹಚ್ಚಿ ಮಲಗಿದವರಿಗೇ ಅದರ ಬೆಲೆ ಗೊತ್ತು. ಅಂಥ ನೆಲದ ಮೇಲೆ ಗೋಡೆಯಿಂದ ಗೋಡೆಗೆ ಕೆಂಪು ಪ್ಲಾಸ್ಟಿಕ್ ಕಾರ್ಪೆಟ್ಟನ್ನು ಅಂಟಿಸಿ, ಮೇಲೆ ಫ್ಯಾನು ತಿರುಗಿಸಿ, ‘ಏನು ಸೆಕೆ!’ ಎಂದು ಗಾಳಿ ಬೀಸಿಕೊಳ್ಳುವವರನ್ನು ನೋಡಿದ್ದೇನೆ. ಅವರಿಗೆ ಬೇಕಾದುದು ಹಾಸಲ್ಲ, ಹಾಸನ್ನು ತೆಗೆಯುವ ಧೈರ್ಯ. ಬೇಸಿಗೆಯಲ್ಲಿ ತಾಳಿಕೋಟಿಯ ಕಲ್ಲಿಗಿಂತ ಒಳ್ಳೆಯ ಹಾಸಿಲ್ಲ.

ಸಾರಿಸಿದ ನೆಲದ ಮಾತು ಬೇರೆ. ಅದು ಉಸಿರಾಡುವ ನೆಲ. ಅದರ ಮೇಲೆ ಗಾಳಿಯಾಡದ ಪ್ಲಾಸ್ಟಿಕನ್ನು ಬಹಳ ದಿನ ಬಿಟ್ಟರೆ ಕೆಳಗೆ ಪಸಿ ಕೂಡಿ ವಾಸನೆ ಏಳುತ್ತದೆ, ಗೆದ್ದಲಕ್ಕೆ ಆಮಂತ್ರಣ ಕೊಟ್ಟಂತಾಗುತ್ತದೆ. ಟೈಲಿನ ನೆಲದಲ್ಲಿ ತೊಡಕು ಜಾರುವದರದು. ಹಗುರಾದ ಹಾಸು ಅದರ ಮೇಲೆ ಬಂಡಿಯಂತೆ ಓಡುತ್ತದೆ. ಮುದುಕರ ತೊಡೆಯ ಎಲುಬು ಮುರಿಯಲು ಇಷ್ಟು ಸಾಕು. ಅಲ್ಲಿ ಭಾರವುಳ್ಳ ಹಾಸು ಬೇಕು, ಇಲ್ಲವೆ ಕೆಳಗೆ ರಬ್ಬರಿನ ಜಾಲರಿ ಬೇಕು.

ಈಗ ಹಾಸುಗಳ ಕಡೆಗೆ ಬರೋಣ. ವಯಸ್ಸಿನಿಂದಲೂ ಗೌರವದಿಂದಲೂ ಮೊದಲ ಸ್ಥಾನ ಕಂಬಳಿಯದು. ನಮ್ಮ ಭಾಷೆಯಲ್ಲಿ ಅರಸರ ಹಾಸಿಗೆ ‘ರತ್ನಗಂಬಳಿ’ ಎಂದು ಹೆಸರು; ರತ್ನ ಎಷ್ಟೇ ಹೊಳೆದರೂ ಕಂಬಳಿಯ ಹೆಗಲ ಮೇಲೆಯೇ ಅದು ಕೂತಿದೆ ನೋಡಿರಿ! ದಖ್ಖನಿ ಕುರಿಯ ಕರಿಯ ಉಣ್ಣೆಯನ್ನು ಕತ್ತರಿಸಿ, ಹಿಂಜಿ, ಹೆಂಗಸರು ನೂಲು ತೆಗೆದು, ಗಂಡಸರು ಕುಣಿಮಗ್ಗದಲ್ಲಿ ನೇಯ್ದು, ಹುಣಸೆಬೀಜದ ಸರಿಯನ್ನು ಬಳಿದು ಒಣಗಿಸಿದರೆ ಕಂಬಳಿ ಆಗುತ್ತದೆ. ಹೊಸ ಕಂಬಳಿ ಚುಚ್ಚುತ್ತದೆ. ಹೊಸ ಸೊಸೆಯಂತೆ ಅದಕ್ಕೂ ಮನೆಗೂ ಹೊಂದಿಕೆಯಾಗಲು ಕೆಲವು ವರ್ಷ ಬೇಕು. ಆಮೇಲೆ ಅದರಷ್ಟು ನಂಬಿಗಸ್ತ ವಸ್ತು ಇನ್ನೊಂದಿಲ್ಲ. ಕುರಿಗಾರನು ಮಳೆಯಲ್ಲಿ ಅದನ್ನೇ ಕೊಪ್ಪೆ ಮಾಡಿ ತಲೆಯ ಮೇಲಿಳಿಸುವನು, ರಾತ್ರಿ ಅದನ್ನೇ ಹೊಲದಲ್ಲಿ ಹಾಸುವನು. ಇದರಲ್ಲಿ ಮಂತ್ರವೇನಿಲ್ಲ. ಉಣ್ಣೆ ತನ್ನ ತೂಕದ ನೂರಕ್ಕೆ ೩೦ರಷ್ಟು ಪಸಿಯನ್ನು ಹೀರಿಕೊಂಡರೂ ಮುಟ್ಟಿದವರಿಗೆ ಹಸಿಯೆನಿಸುವದಿಲ್ಲವೆಂದು ವಿಜ್ಞಾನದ ಪುಸ್ತಕಗಳು ಹೇಳುವವು. ಕಿಡಿ ಬಿದ್ದರೆ ಉಣ್ಣೆ ಕರಿಕಾಗಿ ಆರಿಹೋಗುತ್ತದೆ. ಪ್ಲಾಸ್ಟಿಕ್ ಹಾಸುಗಳಿಗೆ ಬಳಸುವ ಪಾಲಿಪ್ರಾಪಿಲೀನ್ ಸುಮಾರು ೧೬೦ ಡಿಗ್ರಿಗೆ ಕರಗಿ ತೊಗಲಿಗೆ ಅಂಟುತ್ತದೆ. ದೀಪ, ಊದುಬತ್ತಿ, ಒಲೆಯ ಕೆಂಡ, ಅಜ್ಜನ ಬೀಡಿ ಇವೆಲ್ಲ ಇರುವ ಮನೆಯಲ್ಲಿ ಇದನ್ನು ಲೆಕ್ಕಕ್ಕೆ ಹಿಡಿಯದಿರುವದು ಜಾಣತನವಲ್ಲ.

ಕಂಬಳಿಯ ದೋಷಗಳನ್ನು ಮುಚ್ಚಿಡುವದೂ ಸರಿಯಲ್ಲ. ವಾರಕ್ಕೊಮ್ಮೆ ಒಗೆಯಲು ಬರುವದಿಲ್ಲ; ನೆನೆದರೆ ಇಬ್ಬರು ಹಿಡಿದರೂ ಏಳದಷ್ಟು ಭಾರವಾಗುತ್ತದೆ. ಬೇವಿನ ಎಲೆ ಇಡದೆ ಮಡಚಿಟ್ಟರೆ ನುಸಿ ಹಿಡಿಯುತ್ತದೆ. ಬೇಸಿಗೆಗೆ ಅದು ಹೇಳಿದ್ದಲ್ಲ. ದೀಪಾವಳಿಯಿಂದ ಶಿವರಾತ್ರಿಯವರೆಗೆ, ಮತ್ತು ಹುಬ್ಬೆಯ ಮಳೆಯ ಥಂಡಿಯಲ್ಲಿ, ಮುದುಕರು ಕೂಡುವ ಮೂಲೆಗೆ ಅದು ಸರಿ. ಇಡೀ ವರ್ಷ ಪಡಸಾಲೆಗೆ ಅದೊಂದೇ ಸಾಕೆಂದು ನಾನು ವಾದಿಸುವದಿಲ್ಲ.

ಆದರೆ ನಮ್ಮ ಮನೆಗಳಿಂದ ಕಂಬಳಿ ಹೊರಬೀಳುತ್ತಿರುವದು ಈ ದೋಷಗಳಿಗಾಗಿ ಅಲ್ಲ. ಒಂದು ಕಾರಣ ಕುರಿಯದು: ಮಾಂಸದ ಬೆಲೆ ಏರಿದಂತೆ ಉಣ್ಣೆಯಿಲ್ಲದ ಜಾತಿಯ ಕುರಿಗಳನ್ನು ಸಾಕುವದು ಹೆಚ್ಚಿದೆ, ಕತ್ತರಿಸುವ ಕೂಲಿಯೂ ಉಣ್ಣೆಯಿಂದ ಹುಟ್ಟುವದಿಲ್ಲವೆಂದು ಕುರಿಗಾರರು ಹೇಳುವರು. ಇನ್ನೊಂದು ಕಾರಣ ನಾವೇ, ಅಂದರೆ ಓದಿದವರು. ಮನೆಯಲ್ಲಿ ಮೊದಲ ಬಾರಿಗೆ ಒಬ್ಬ ಮಗ ಪಿ.ಯು.ಸಿ. ಮುಗಿಸಿದನೆಂದರೆ ಅವನ ಮೊದಲ ಸುಧಾರಣೆ ಕಂಬಳಿಯನ್ನು ಕಣ್ಣಿಗೆ ಬೀಳದಂತೆ ಮಾಡುವದು. ‘ಅದು ಕುರುಬರ ಹಾಸು, ಸ್ನೇಹಿತರು ಬಂದರೆ ಏನಂದಾರು?’ ಎಂಬ ಮಾತನ್ನು ನಾನು ಒಂದಲ್ಲ, ನಾಲ್ಕಾರು ಮನೆಗಳಲ್ಲಿ ಕೇಳಿದ್ದೇನೆ. ಕುರುಬರ ಮನೆಯಲ್ಲಿಯೂ ಕೇಳಿದ್ದೇನೆ! ಅದೇ ಕಂಬಳಿಯನ್ನು ದೇವರ ಗದ್ದುಗೆಗೆ ಹಾಸಿದಾಗ ಕೈಮುಗಿಯುವೆವು. ನಮ್ಮ ಕೂಡುವ ಜಾಗಕ್ಕೆ ಹಾಸಿದಾಗ ನಾಚುವೆವು. ಪದವಿಯು ನಮಗೆ ಕಲಿಸಬೇಕಾದುದು ಇದನ್ನೇ ಏನು?

ಕಂಬಳಿಯ ನಂತರ ಕೌದಿ. ಇದು ಹಾಸೋ ಹೊದಿಕೆಯೋ ಎಂದು ಪಂಡಿತರು ಚರ್ಚಿಸಲಿ. ನಮ್ಮಲ್ಲಿ ಎರಡೂ ಹೌದು. ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಪದರಿಟ್ಟು, ಉದ್ದಕ್ಕೂ ಅಡ್ಡಕ್ಕೂ ದಾರದ ಹೊಲಿಗೆ ಓಡಿಸಿ, ಹೊಲದ ಕೆಲಸವಿಲ್ಲದ ಬೇಸಿಗೆಯ ಮಧ್ಯಾಹ್ನಗಳಲ್ಲಿ ನಮ್ಮ ತಾಯಂದಿರು ಇದನ್ನು ಹೊಲಿಯುವರು. ನಮ್ಮ ಓಣಿಯಲ್ಲಿ ಕೊನೆಯ ಮೂಲೆ ಮುಚ್ಚುವ ಮುಂಚೆ ಅದರೊಳಗೆ ಹೋಳಿಗೆಯ ಒಂದು ತುಣುಕನ್ನಿಡುವ ಪದ್ಧತಿಯುಂಟು, ಕೌದಿ ಹಸಿದಿರಬಾರದಂತೆ. ಬೆವರನ್ನು ಹೀರುತ್ತದೆ, ಮೈಗೆ ಮೆತ್ತಗಿದೆ, ಹಣದ ಖರ್ಚು ದಾರದ್ದು ಮಾತ್ರ. ಕೂಸಿನ ಕೆಳಗೆ ಹಾಸಲು ಇದಕ್ಕಿಂತ ಮಿಗಿಲಾದುದನ್ನು ನಾನು ಕಾಣೆ. ಈಗ ಕೌದಿಗೆ ಬಂದ ಕೇಡು ಬೇರೊಂದು ತೆರನಾದುದು. ಹತ್ತಿಯ ಸೀರೆ ಉಡುವವರು ಕಡಿಮೆಯಾದರು. ಮನೆಯಲ್ಲಿ ಹಳೆಯದಾಗುವದೆಲ್ಲ ಪಾಲಿಯೆಸ್ಟರ್ ಸೀರೆ. ಅದರ ಪದರುಗಳು ಸೂಜಿಯ ಕೆಳಗೆ ಜಾರುತ್ತವೆ, ಬೆವರನ್ನು ಹೀರುವದಿಲ್ಲ, ಬೇಸಿಗೆಯಲ್ಲಿ ಕಾದು ಬೆನ್ನಿಗೆ ಅಂಟುತ್ತವೆ. ಉಡುವ ಸೀರೆ ಬದಲಾದರೆ ಹಾಸುವ ಕೌದಿ ಸಾಯುತ್ತದೆಂದು ಯಾರು ಎಣಿಸಿದ್ದರು? ಹತ್ತಿಯ ಹಳೆ ಬಟ್ಟೆ ಮನೆಯಲ್ಲಿ ಇನ್ನೂ ಉಳಿದವರು ಅದನ್ನು ಪಾತ್ರೆಯವನಿಗೆ ಕೊಟ್ಟು ಸ್ಟೀಲಿನ ಬೋಗುಣಿ ತೆಗೆದುಕೊಳ್ಳುವ ಮೊದಲು ಒಂದು ಗಳಿಗೆ ವಿಚಾರಿಸಲಿ.

ಇನ್ನು ಜಮಖಾನೆ. ಪಡಸಾಲೆಯ ಮಟ್ಟಿಗೆ ನನ್ನ ಓಟು ಇದಕ್ಕೇ ಎಂದು ಮೊದಲೇ ಹೇಳಿಬಿಡುವೆ. ಹತ್ತಿಯ ನೂಲಿನದು, ಎರಡೂ ಮಗ್ಗುಲು ಬಳಸಬಹುದು, ಒಂದು ಮುಖ ಮಾಸಿದರೆ ತಿರುವಿ ಹಾಕಬಹುದು. ಝಾಡಿಸಿದರೆ ಧೂಳು ಹೋಗುತ್ತದೆ, ಕಾಲುವೆಯ ಕಲ್ಲಿಗೆ ಒಗೆದರೂ ತಾಳುತ್ತದೆ, ಬೇಸಿಗೆಯಲ್ಲಿ ಸುಡುವದಿಲ್ಲ, ಚಳಿಗಾಲದಲ್ಲಿ ಕಲ್ಲಿನ ತಂಪನ್ನು ತಡೆಯುತ್ತದೆ. ಎರೆಯ ಹೊಲದಿಂದ ಬಂದ ಕಾಲುಗಳಿಗೆ ಉದ್ದ ಕೂದಲಿನ ಕಾರ್ಪೆಟ್ಟು ಶತ್ರು. ಅದರ ಬುಡದಲ್ಲಿ ಸೇರಿದ ಮಣ್ಣನ್ನು ಹೊರಗೆ ತೆಗೆಯುವದು ಯಾವ ಕಸಬರಿಗೆಗೂ ಸಾಧ್ಯವಿಲ್ಲ, ಕೆಮ್ಮು ದಮ್ಮು ಇದ್ದವರಿಗಂತೂ ಅದು ವಿಷ. ಜಮಖಾನೆಯ ಚಪ್ಪಟೆ ನೇಯ್ಗೆಯಲ್ಲಿ ಮಣ್ಣಿಗೆ ಅಡಗಲು ಅಷ್ಟು ಎಡೆಯಿಲ್ಲ.

ಜಮಖಾನೆಯೆಂದರೆ ಧಾರವಾಡ ಜಿಲ್ಲೆಯ ನವಲಗುಂದ. ೨೦೧೧ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಅಲ್ಲಿ ಅದನ್ನು ನೇಯುವವರು ಹೆಂಗಸರು, ಮುಸಲ್ಮಾನ ಮನೆತನಗಳ ಹೆಂಗಸರು. ಮನೆಯೊಳಗೇ ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು, ಹೊಕ್ಕುನೂಲನ್ನು ಪಂಜದಿಂದ ಬಡಿದು ಬಡಿದು ಕೂಡ್ರಿಸಿ, ಕೆಂಪು, ಹಳದಿ, ಹಸಿರು, ನೀಲಿ ನೂಲುಗಳಲ್ಲಿ ನವಿಲು, ಹೂವು, ಪಗಡೆಯ ಪಟ ಇವುಗಳನ್ನು ಮೂಡಿಸುವರು. ನಮಾಜಿನ ಜಾನಮಾಜುಗಳಲ್ಲಿ ಮಾತ್ರ ಪ್ರಾಣಿ ಪಕ್ಷಿಗಳಿರುವದಿಲ್ಲ. ನಮಗೆ ಸ್ವಾರಸ್ಯದ ಸಂಗತಿಯೆಂದರೆ, ಈ ನೇಕಾರರ ಪೂರ್ವಿಕರು ಆದಿಲಶಾಹಿಗಳ ಕಾಲದ ಕದನಗಳಿಗೆ ಬೇಸತ್ತು ವಿಜಾಪುರದಿಂದ ಹೋಗಿ ನವಲಗುಂದದಲ್ಲಿ ನೆಲೆಸಿದರೆಂಬ ಐತಿಹ್ಯವಿದೆ. ಅದು ನಿಜವಾದರೆ ಈ ಹಾಸು ನಮ್ಮೂರ ಮಗಳು, ಕೊಟ್ಟ ಮನೆಯಲ್ಲಿ ಹೆಸರಾದವಳು. ತವರಿನವರಾದ ನಮಗೆ ಮಾತ್ರ ಅವಳ ಗುರುತಿಲ್ಲ. ಇಂಡಿ, ಸಿಂದಗಿಗಳ ಸಂತೆಯಲ್ಲಿ ‘ಜಮಖಾನಿ’ ಎಂದು ಕೂಗಿ ಮಾರುವದು ಬಹುತೇಕ ಯಂತ್ರಮಗ್ಗದ ಪಟ್ಟೆಪಟ್ಟೆಯ ಹಾಸು. ಅದೂ ಹತ್ತಿಯದಾದರೆ ಕೆಟ್ಟದ್ದೇನಲ್ಲ. ಬಡವನ ಪಡಸಾಲೆಗೆ ಬೇಕಾದಷ್ಟಾಯಿತು. ಆದರೆ ಬಣ್ಣ ಒತ್ತಿದ ಪಾಲಿಯೆಸ್ಟರ್ ಬಟ್ಟೆಯನ್ನೂ ಅದೇ ಹೆಸರಿನಿಂದ ಕೊಡುವದುಂಟು. ತಿರುವಿ ನೋಡಿರಿ: ಬೆನ್ನಿನಲ್ಲಿ ಚಿತ್ರ ಮಸುಕಾಗಿದ್ದರೆ ಅದು ನೇಯ್ದುದಲ್ಲ, ಒತ್ತಿದ್ದು. ಅಂಚಿನ ಒಂದು ಎಳೆಯನ್ನು ಕಡ್ಡಿ ಕೊರೆದು ಸುಟ್ಟು ನೋಡಿರಿ: ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಮಣಿಯಾಗುತ್ತದೆ. ಅಂಗಡಿಯವನು ಸಿಟ್ಟಾದರೆ ಉತ್ತರ ಸಿಕ್ಕಿತೆಂದೇ ತಿಳಿಯಿರಿ.

ಕೈಮಗ್ಗದ ಜಮಖಾನೆಗೆ ಬೆಲೆ ಹೆಚ್ಚು, ಅದನ್ನು ಅಲ್ಲಗಳೆಯಲಾಗದು. ನೇಯುವ ಹೆಂಗಸರ ಸಂಖ್ಯೆ ಇಳಿಯುತ್ತಲೇ ಬಂದಿದೆ, ಅವರ ಕೈಗೆ ಬರುವ ಕೂಲಿ ಅವರ ದಿನಗಳಿಗೆ ಸಮನಲ್ಲ. ಹಾಗೆಂದು ಕರುಣೆಗಾಗಿ ಕೊಳ್ಳಿರೆಂದು ನಾನು ಹೇಳುವದಿಲ್ಲ. ಎರಡು ವರ್ಷಕ್ಕೊಮ್ಮೆ ಹರಿಯುವ ಹಾಸನ್ನು ಹತ್ತು ಸಲ ಕೊಳ್ಳುವದೋ, ತಾಳುವ ಹಾಸನ್ನು ಒಮ್ಮೆ ಕೊಳ್ಳುವದೋ ಎಂಬ ಲೆಕ್ಕವನ್ನು ಮಾಡಿರಿ. ಒಮ್ಮೆಗೇ ಅಷ್ಟು ಹಣ ಕೈಯಲ್ಲಿ ಇರುವದಿಲ್ಲವೆಂಬುದೇ ಬಡವನ ತೊಂದರೆ. ಆದ್ದರಿಂದಲೇ ಅವನಿಗೆ ಅಗ್ಗದ ವಸ್ತು ತುಟ್ಟಿ ಬೀಳುತ್ತದೆ. ಅರ್ಥಶಾಸ್ತ್ರದ ನಮ್ಮ ಅಧ್ಯಾಪಕರು ಇದಕ್ಕೊಂದು ಹೆಸರು ಹೇಳಿಯಾರು.

ಪ್ಲಾಸ್ಟಿಕ್ ಚಾಪೆಯನ್ನು ಇಷ್ಟು ಹೊತ್ತು ಬೈದೆನೆಂದು ಯಾರೂ ತಿಳಿಯಬೇಡಿರಿ. ದೀಪಾವಳಿಯಾದ ಮೇಲೆ ಮನೆಗೆ ಬೀಗ ಹಾಕಿ ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಮಹಾರಾಷ್ಟ್ರ ಗೋವೆಗಳಿಗೆ ಗುಳೆ ಹೋಗುವ ನಮ್ಮ ಹಳ್ಳಿ ತಾಂಡಾಗಳ ಜನಕ್ಕೆ ಅದರಂಥ ಒಳ್ಳೆಯ ಹಾಸು ಇನ್ನೊಂದಿಲ್ಲ. ಬಗಲಲ್ಲಿ ಹಿಡಿದರೆ ಭಾರವಿಲ್ಲ, ಮಳೆಗೆ ನೆನೆದರೆ ಝಾಡಿಸಿದರಾಯಿತು. ಕಂಬಳಿ ಹೊತ್ತು ಬಸ್ಸು ಹತ್ತಿರೆಂದು ಅವರಿಗೆ ಉಪದೇಶಿಸುವದು ಕ್ರೌರ್ಯ. ನನ್ನ ತಕರಾರು ಇರುವದು ಮನೆಯಲ್ಲೇ ಇರುವವರು, ಕೊಳ್ಳುವ ಶಕ್ತಿಯುಳ್ಳವರು, ಬಿಸಿಲಿಗೆ ಪುಡಿಯಾಗಿ ಹೊಲ ಚರಂಡಿಗಳನ್ನು ಸೇರುವ ವಸ್ತುವನ್ನು ನಾಗರಿಕತೆಯೆಂದು ಭಾವಿಸುವದರ ಬಗೆಗೆ.

ಬಣ್ಣದ ಮಾತು ಬೇಗ ಮುಗಿಯುತ್ತದೆ: ಎರೆಮಣ್ಣಿನ ಸೀಮೆಯಲ್ಲಿ ಬಿಳಿ ಹಾಸನ್ನು ಕೊಳ್ಳಬೇಡಿರಿ. ಅಳತೆಯ ಮಾತು ಸ್ವಲ್ಪ ಹೆಚ್ಚಿದೆ. ಇಂಗ್ಲಿಷ್ ಲೇಖನಗಳು ಸೋಫಾವನ್ನು ಅಳೆಯುವವು. ನಾವು ಮಂದಿಯನ್ನು ಅಳೆಯಬೇಕು. ಚಕ್ಕಳಮಕ್ಕಳ ಹಾಕಿ ಕುಳಿತ ಆಳಿಗೆ ಎರಡೂವರೆ ಅಡಿ ಅಗಲ ಬೇಕು. ಎಂಟು ಅಡಿ ಉದ್ದದ ಹಾಸಿನ ಮೇಲೆ ಒಂದು ಸಾಲಿಗೆ ಮೂವರು, ಎದುರುಬದುರು ಆರು ಮಂದಿ. ಮನೆಯಲ್ಲಿ ಏಳು ಜನರಿದ್ದು ಹಾಸು ಆರು ಜನರದಾದರೆ ನೆಲಕ್ಕೆ ಕೂಡುವ ಏಳನೆಯವರು ಯಾರು?

ಈ ಪ್ರಶ್ನೆಗೆ ಉತ್ತರ ನಮಗೆಲ್ಲರಿಗೂ ಗೊತ್ತು, ಆದ್ದರಿಂದಲೇ ಯಾರೂ ಕೇಳುವದಿಲ್ಲ. ಏಳನೆಯವಳು ಮನೆಯ ತಾಯಿ. ಹಾಸನ್ನು ಹಾಸುವವಳು ಅವಳು, ಝಾಡಿಸುವವಳು ಅವಳು, ವರ್ಷಕ್ಕೆ ಹತ್ತು ಸಲ ಒಗೆದು ಹಿಂಡುವವಳು ಅವಳು. ಆದರೆ ಅದರ ಮೇಲೆ ಅವಳು ಕುಳಿತುದನ್ನು ನಾನಂತೂ ಕಂಡಿದ್ದು ಕಡಿಮೆ. ಅವಳು ಅಡಿಗೆಮನೆಯ ಹೊಸ್ತಿಲ ಬಳಿ ಬರಿ ಕಲ್ಲಿನ ಮೇಲೆ ಕೂಡುವಳು. ಸಂಧಿವಾತದ ಮೊಣಕಾಲಿಗೆ ಮಾಗಿಯ ಕಲ್ಲು ಏನು ಮಾಡುತ್ತದೆಂಬುದನ್ನು ವೈದ್ಯರನ್ನು ಕೇಳುವ ಅಗತ್ಯವಿಲ್ಲ. ನಮ್ಮ ಓಣಿಯ ಹಲವು ಮನೆಗಳಲ್ಲಿ ಒಳ್ಳೆಯ ಹಾಸು ಟ್ರಂಕಿನಲ್ಲಿದೆ. ಬೀಗರು ಬಂದಾಗ, ಸಾಹೇಬರು ಬಂದಾಗ, ಸ್ವಾಮಿಗಳು ಬಂದಾಗ ಅದು ಹೊರಗೆ ಬರುತ್ತದೆ. ಅವರು ಹೋದೊಡನೆ ಡಾಂಬರಗುಳಿಗೆಗಳ ವಾಸನೆಗೆ ಹಿಂದಿರುಗುತ್ತದೆ. ವರ್ಷದ ೩೬೫ ದಿನಗಳಲ್ಲಿ ಹತ್ತು ದಿನ ಬರುವವರಿಗೆ ಹತ್ತಿ, ಉಳಿದ ದಿನ ಇರುವವರಿಗೆ ಹರಿದ ಗೋಣಿತಟ್ಟು!

ಹಾಸು ಮನೆಯೊಳಗಿನ ತಾರತಮ್ಯವನ್ನಷ್ಟೇ ತೋರಿಸುವದಿಲ್ಲ. ಒಬ್ಬನು ಬಂದಾಗ ‘ಮ್ಯಾಲೆ ಬರ್ರಿ’ ಎಂದು ಜಮಖಾನೆಯನ್ನು ಬಿಡಿಸುವದು, ಇನ್ನೊಬ್ಬನು ಬಂದಾಗ ‘ಅಲ್ಲೇ ಕೂಡು’ ಎಂದು ಕಟ್ಟೆಯನ್ನು ತೋರಿಸುವದು ಇನ್ನೂ ನಿಂತಿಲ್ಲ. ಆ ಇನ್ನೊಬ್ಬನ ಮಗ ಇದೇ ಕಾಲೇಜಿನಲ್ಲಿ ನಮ್ಮ ಪಕ್ಕದ ಬೆಂಚಿನಲ್ಲಿ ಕೂಡುವನು. ಬೆಂಚಿಗೆ ಇಲ್ಲದ ಮಡಿ ಹಾಸಿಗೆ ಎಲ್ಲಿಂದ ಬಂತು? ಬಸವಣ್ಣನವರು ಹುಟ್ಟಿದ ಬಾಗೇವಾಡಿ ನಮ್ಮಿಂದ ಒಂದು ಬಸ್ಸಿನ ದಾರಿಯಲ್ಲಿದೆ. ಜಯಂತಿಯ ದಿನ ನಾವು ಮಾಡುವ ಭಾಷಣಗಳು ನಮ್ಮ ಪಡಸಾಲೆಯ ಹೊಸ್ತಿಲವರೆಗೆ ಬಂದು ಅಲ್ಲಿಯೇ ಚಪ್ಪಲಿ ಬಿಟ್ಟು ನಿಲ್ಲುವವು.

ವಿಜಯಪುರದ ಗೋಲಗುಂಬಜದ ಮುಂದಿನ ನಗಾರಖಾನೆಯ ವಸ್ತುಸಂಗ್ರಹಾಲಯದಲ್ಲಿ ೧೭ನೆಯ ಶತಮಾನದ ರತ್ನಗಂಬಳಿಗಳಿವೆ. ೧೬೪೬ರ ಸುಮಾರಿಗೆ ಮಹಮ್ಮದ ಆದಿಲಶಾಹನು ಕಟ್ಟಿಸಿದ ಅಸಾರ ಮಹಲಿನಲ್ಲಿ ಇದ್ದವು ಅವು. ಒಂದೊಂದು ಗಂಟನ್ನೂ ಕೈಯಿಂದ ಕಟ್ಟಿ ಮಾಡಿದ ಆ ಕೆಲಸ ನೋಡುವಂಥದು. ಜಿಲ್ಲೆಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಮ್ಮೆ ನೋಡಬೇಕು. ಗಾಜಿನ ಹಿಂದೆ ಅವು ಇರುವದು ನ್ಯಾಯವೇ, ಅವುಗಳ ಮೇಲೆ ಇನ್ನು ಯಾರೂ ಕೂಡಬೇಕಾಗಿಲ್ಲ. ನಮ್ಮ ಮನೆಯ ಟ್ರಂಕು ಮಾತ್ರ ವಸ್ತುಸಂಗ್ರಹಾಲಯವಲ್ಲ. ಮನೆಯ ಏಳೂ ಮಂದಿ ದಿನಾಲು ಕೂಡಲು ಅಂಜುವಷ್ಟು ಬೆಲೆಯ ಹಾಸು ಆ ಮನೆಗೆ ತಕ್ಕುದಲ್ಲವೆಂದು ನನ್ನ ಖಚಿತವಾದ ಅಭಿಪ್ರಾಯ. ಅದಕ್ಕಿಂತ ಅಗ್ಗದ್ದನ್ನು, ಆದರೆ ದೊಡ್ಡದನ್ನು ತನ್ನಿರಿ.

ನಮ್ಮ ಮನೆಯಲ್ಲಿ ಈ ಬೇಸಿಗೆಯಲ್ಲಿ ಪಡಸಾಲೆಗೆ ಹೊಸ ಹಾಸು ತರುವದೆಂದು ನಿಶ್ಚಯವಾಗಿದೆ. ವಿದ್ಯಾರ್ಥಿವೇತನದಲ್ಲಿ ಉಳಿದ ಸ್ವಲ್ಪ ಹಣ ನನ್ನದು, ಉಳಿದದ್ದು ತೊಗರಿಯದು. ತಂದೆಯವರು ಕೆಂಪು ಕಾರ್ಪೆಟ್ಟಿನ ಪಕ್ಷ, ತಂಗಿಯದು ನವಿಲಿನ ಪಕ್ಷ. ನವಲಗುಂದದ್ದು ಕೈಗೆ ಎಟಕದಿದ್ದರೆ ಹತ್ತಿಯ ಪಟ್ಟೆಯದನ್ನೇ ಹತ್ತಡಿಯದು ತರುವದೆಂದು ನಾನು ವಾದಿಸಿದ್ದೇನೆ. ತಾಯಿಯನ್ನು ಕೇಳಿದಾಗ ಅವಳು ಬಣ್ಣವನ್ನೂ ಕೇಳಲಿಲ್ಲ, ಬೆಲೆಯನ್ನೂ ಕೇಳಲಿಲ್ಲ; ‘ಒಗದರ ಒಬ್ಬಾಕಿಗೆ ಹಿಂಡಾಕ ಬರತೈತೇನು?’ ಎಂದು ಕೇಳಿದಳು. ಹತ್ತಡಿಯ ಒಂದರ ಬದಲು ಐದಡಿಯ ಎರಡನ್ನು ತರುವದು ಮೇಲೆಂದು ಈಗ ನನಗೆ ತೋರುತ್ತಿದೆ.